ತೋಟದ ಶಾಲೆಯ ದಾಖಲೆ ಯಾರದು?

ಮಕ್ಕಳಿಗೆ ಶಾಲೆ ಇಮೇಲ್ ಖಾತೆ ತೆರೆದರೆ ಅವರ ವಿವರ ಯಾರ ಕೈ ಸೇರುತ್ತದೆ? ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಈ ಪ್ರಶ್ನೆಯ ಬೇರು ಹಳೆಯದು. 1951ರ ತೋಟ ಕಾರ್ಮಿಕರ ಕಾಯ್ದೆಯ ಪ್ರಕಾರ, ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಓದಿನ ವ್ಯವಸ್ಥೆ ಮಾಡುವಂತೆ ಸರ್ಕಾರ ಮಾಲೀಕರಿಗೆ ಹೇಳಬಹುದಿತ್ತು. ಕೂಲಿ, ಲೈನ್ ಮನೆ ಕೊಡುವವರೇ ಶಾಲೆಯನ್ನೂ ಕೊಟ್ಟರೆ ಮಗುವಿನ ದಾಖಲೆ ಒಡೆಯರ ಕಣ್ಣಿಗೆ ಬೀಳದಿರುವುದು ಹೇಗೆ? ಕಾಯ್ದೆ ಓದಿನ ಬಗ್ಗೆ ಯೋಚಿಸಿತು, ಗುಟ್ಟಿನ ಬಗ್ಗೆ ಯೋಚಿಸಲಿಲ್ಲ. ಆದರೂ ದಾಖಲಾತಿ ಪುಸ್ತಕ ಹೆಡ್‌ಮಾಸ್ತರರ ಬೀರು ಬಿಟ್ಟು ಬಹುದೂರ ಹೋಗುತ್ತಿರಲಿಲ್ಲ.

2020ರಲ್ಲಿ ಕೊರೊನಾದಿಂದ ಪಾಠ ಫೋನಿಗೆ ಬಂದಾಗ ಆ ಮಿತಿಯೂ ಹೋಯಿತು. ಸಿಗ್ನಲ್ಲೇ ಸಿಗದ ಗುಡ್ಡದಲ್ಲಿ ಖಾಸಗಿತನದ ಮಾತೇಕೆ ಎನ್ನುವವರಿದ್ದಾರೆ. ಆದರೆ ಖಾತೆ ತೆರೆದ ದಿನವೇ ಮಾಹಿತಿ ದೂರದ ಸರ್ವರ್ ಸೇರಿರುತ್ತದೆ, ಗುಡ್ಡ ಅದನ್ನು ತಡೆಯದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ವಿಷಯದಲ್ಲಿ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಕೇಳುತ್ತದೆ. ಓದಲು ಬಾರದ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ಇಮೇಲ್ ಖಾತೆಗೆ ಜಾತಿ, ತೋಟದ ಹೆಸರು ಬೇಕಿಲ್ಲ. ಶಾಲೆಗಳು ಅವನ್ನು ಕೇಳದಿರಲಿ.