ಗ್ರೀನ್ ಕಾರ್ಡ್‌ಗೆ 8 ಲಕ್ಷ ಡಾಲರ್: ಆ ದುಡ್ಡಿಗೆ ನಿಜಕ್ಕೂ ಸಿಗೋದೇನು?

ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ‘ಇನ್ವೆಸ್ಟರ್ ವೀಸಾ’ ಸೆಮಿನಾರಿಗೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ನಿವೃತ್ತ ದಂಪತಿಯ ಮಗ ಅಮೆರಿಕದಲ್ಲಿ ಎಚ್‌-1ಬಿ ವೀಸಾದ ಮೇಲಿದ್ದಾನೆ. ಸೈಟು ಮಾರಿ ಅವನಿಗೊಂದು ಗ್ರೀನ್ ಕಾರ್ಡ್ ಮಾಡಿಸಬೇಕು ಅನ್ನೋದು ಅವರ ಲೆಕ್ಕ. ವೇದಿಕೆ ಮೇಲಿದ್ದ ಏಜೆಂಟ್ ಮಾತ್ರ ಮಾತುಮಾತಿಗೂ ‘ಸೇಫ್’, ‘ಗ್ಯಾರಂಟಿ’ ಅನ್ನುತ್ತಿದ್ದ. ಕಾನೂನು ಹೇಳೋದು ಇದಕ್ಕೆ ತದ್ವಿರುದ್ಧ.

ಈ ಯೋಜನೆಯ ಹೆಸರು ಇಬಿ-5. ಅಮೆರಿಕದ ಸಂಸತ್ತು 1990ರಲ್ಲಿ ತಂದದ್ದು. ಹೂಡಿಕೆ ಮಾಡಿ, ಕನಿಷ್ಠ 10 ಪೂರ್ಣಾವಧಿ ಉದ್ಯೋಗ ಸೃಷ್ಟಿಯಾದರೆ ಹೂಡಿದವರಿಗೂ, ಅವರ ಸಂಗಾತಿಗೂ, 21 ತುಂಬದ ಅವಿವಾಹಿತ ಮಕ್ಕಳಿಗೂ ಕಾಯಂ ವಾಸದ ಹಕ್ಕು. 2022ರ ತಿದ್ದುಪಡಿ ನಿಗದಿ ಮಾಡಿದ ಮೊತ್ತ 10.5 ಲಕ್ಷ ಡಾಲರ್. ಹಳ್ಳಿಗಾಡು ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶವಾದರೆ 8 ಲಕ್ಷ. ಡಾಲರಿಗೆ 85 ರೂಪಾಯಿ ಹಿಡಿದರೂ 6.8 ಕೋಟಿ. ವಕೀಲರ ಫೀಸು, ಯೋಜನೆ ನಡೆಸುವವರ ಶುಲ್ಕ ಬೇರೆ.

ಈ ದುಡ್ಡು ನಷ್ಟದ ಅಪಾಯಕ್ಕೆ ಒಡ್ಡಿಕೊಂಡಿರಲೇಬೇಕು ಅನ್ನೋದು ಇಬಿ-5ರ ಮೂಲ ಷರತ್ತು. ಅಸಲು ವಾಪಸ್ ಕೊಡ್ತೀವಿ ಅಂತ ಯಾರಾದರೂ ಗ್ಯಾರಂಟಿ ಬರೆದುಕೊಟ್ಟರೆ ಅರ್ಜಿಯೇ ಬಿದ್ದುಹೋಗಬಹುದು. ವರ್ಮಾಂಟ್ ರಾಜ್ಯದ ಜೇ ಪೀಕ್ ಸ್ಕೀ ರೆಸಾರ್ಟ್ ಪ್ರಕರಣ ನೋಡಿ. ಹತ್ತಾರು ದೇಶಗಳವರಿಂದ 35 ಕೋಟಿ ಡಾಲರಿಗೂ ಹೆಚ್ಚು ಎತ್ತಿದ್ದರು. 2016ರಲ್ಲಿ ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕರು ವಂಚನೆ ಕೇಸು ಹಾಕಿದರು. ಹೂಡಿಕೆದಾರರಿಗೆ ತೋರಿಸಿದ್ದ ಬಯೋಟೆಕ್ ಘಟಕ ಏಳಲೇ ಇಲ್ಲ. ಮಾಲೀಕ ಏರಿಯಲ್ ಕಿರೋಸ್‌ಗೆ 2022ರಲ್ಲಿ 5 ವರ್ಷ ಜೈಲಾಯ್ತು.

ಇಷ್ಟಾದರೂ ನಮ್ಮವರು ಯಾಕೆ ಹೋಗ್ತಾರೆ? ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೇಳುವವರಲ್ಲಿ ಒಂದೊಂದು ದೇಶಕ್ಕೆ ಸುಮಾರು ಶೇ. 7ರ ಮಿತಿ ಇದೆ. ಹೀಗಾಗಿ ಭಾರತದ ಎಂಜಿನಿಯರುಗಳ ಸಾಲು ದಶಕಗಳಷ್ಟು ಉದ್ದ. ಕಾಯ್ತಾ ಕಾಯ್ತಾ ಮಕ್ಕಳಿಗೆ 21 ತುಂಬಿ, ಅವರು ಅಪ್ಪ-ಅಮ್ಮನ ಅರ್ಜಿಯಿಂದಲೇ ಹೊರಬೀಳ್ತಾರೆ. 2022ರ ಕಾನೂನು ಹಳ್ಳಿಗಾಡಿನ ಯೋಜನೆಗಳಿಗೆ ಇಬಿ-5 ವೀಸಾಗಳಲ್ಲಿ ಶೇ. 20 ಮೀಸಲಿಟ್ಟಿತು. ವೀಸಾ ಲಭ್ಯವಿದ್ದರೆ, ಆಗಲೇ ಅಮೆರಿಕದಲ್ಲಿರುವವರು ಹೂಡಿಕೆಯ ಅರ್ಜಿ ಜೊತೆಗೇ ಗ್ರೀನ್ ಕಾರ್ಡ್ ಅರ್ಜಿಯನ್ನೂ ಹಾಕಬಹುದು, ಕೆಲಸದ ಪರವಾನಗಿಯನ್ನೂ ಕೇಳಬಹುದು. ಹದಿನೈದು ವರ್ಷ ತೆರಿಗೆ ಕಟ್ಟಿದವನು ಸಾಲಿನಲ್ಲಿ, ಆರೇಳು ಕೋಟಿ ಇದ್ದವನಿಗೆ ಪಕ್ಕದ ಬಾಗಿಲು. ಇದನ್ನ ವಲಸೆ ನೀತಿ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಆ ದಂಪತಿಗೆ ನಿಜವಾದ ತೊಡಕು ಇರೋದು ಇಲ್ಲೇ, ಊರಲ್ಲೇ. ದುಡ್ಡಿನ ಪ್ರತಿ ಪೈಸೆಯೂ ನ್ಯಾಯವಾಗಿ ಬಂದದ್ದು ಅಂತ ದಾಖಲೆ ಸಮೇತ ತೋರಿಸಬೇಕು. ಸೈಟನ್ನ ಮಾರ್ಗಸೂಚಿ ದರಕ್ಕೆ ರಿಜಿಸ್ಟರ್ ಮಾಡಿಸಿ ಉಳಿದದ್ದನ್ನ ಕ್ಯಾಶಲ್ಲಿ ಇಸ್ಕೊಳ್ಳೋ ನಮ್ಮ ಪದ್ಧತಿ ಗೊತ್ತೇ ಇದೆಯಲ್ಲ? ಆ ಬ್ಲ್ಯಾಕ್ ಹಣ ಅಲ್ಲಿ ನಡೆಯಲ್ಲ. ಮಗನಿಗೆ ಉಡುಗೊರೆಯಾಗಿ ಕೊಟ್ಟರೂ, ಕೊಟ್ಟವರಿಗೆ ಅದು ಎಲ್ಲಿಂದ ಬಂತು ಅಂತ ಕೇಳ್ತಾರೆ.

ಇನ್ನು ರಿಸರ್ವ್ ಬ್ಯಾಂಕಿನ ನಿಯಮ: ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು ಎರಡೂವರೆ ಲಕ್ಷ ಡಾಲರ್. ಅದಕ್ಕೇ ಗಂಡ-ಹೆಂಡತಿ ಇಬ್ಬರೂ ಮಾರ್ಚ್‌ನಲ್ಲಿ ಒಂದು ಸಲ, ಏಪ್ರಿಲ್‌ನಲ್ಲಿ ಇನ್ನೊಂದು ಸಲ ಕಳಿಸೋ ಲೆಕ್ಕಾಚಾರ. 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ಟಿಸಿಎಸ್ ಹಿಡಿಯುತ್ತೆ. ರಿಟರ್ನ್ಸ್‌ನಲ್ಲಿ ಅದನ್ನ ಸರಿಹೊಂದಿಸಿಕೊಳ್ಳಬಹುದು, ಆದರೆ ಅಲ್ಲೀತನಕ ಕೋಟಿಗೂ ಮಿಕ್ಕ ಹಣ ಸಿಕ್ಕಿಕೊಂಡಿರುತ್ತೆ.

ಎಲ್ಲ ಸರಿಹೋದರೂ ಮೊದಲು ಕೈಗೆ ಬರೋದು ಎರಡು ವರ್ಷದ ಷರತ್ತಿನ ಕಾರ್ಡ್. ಹತ್ತು ಕೆಲಸ ಹುಟ್ಟಿದ್ದು ಸಾಬೀತಾದ ಮೇಲಷ್ಟೇ ಷರತ್ತು ತೆಗೀತಾರೆ. ಕೆಲಸ ಹುಟ್ಟದಿದ್ದರೆ ಕಾರ್ಡೂ ಹೋಗಬಹುದು, ದುಡ್ಡೂ ಹೋಗಬಹುದು. ಊಟದ ಹೊತ್ತಿಗೆ ಆ ಅಮ್ಮ ಕೇಳಿದ್ದೂ ಇದನ್ನೇ. ಏಜೆಂಟ್ ಅವರಿಗೊಂದು ಬ್ರೋಷರ್ ಕೊಟ್ಟ.