ಬಸುರಿಯ ಸೊಂಟನೋವು: ಶಾಸ್ತ್ರ ನಡೆದು ಬಂದ ದಾರಿ

ಗುಂಡ್ಲುಪೇಟೆ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಚೆಂಡುಹೂವಿನ ಕೊಯ್ಲು. ಗಿಡ ಗಿಡ್ಡ, ಸಾಲು ಉದ್ದ. ಬಾಗಿದ ಬೆನ್ನು ಸಾಲು ಮುಗಿಯುವ ತನಕ ಏಳುವುದಿಲ್ಲ. ಬಸುರಿ ಹೆಂಗಸು ‘ಸೊಂಟ ಹಿಡ್ಕಂಡದ’ ಎಂದರೆ ಹಿರಿಯರ ಉತ್ತರ ಸಿದ್ಧವಿರುತ್ತದೆ: ‘ಬಸುರಿಗೆ ಅದೆಲ್ಲ ಇದ್ದದ್ದೇ’. ಅವರನ್ನು ದೂರಿ ಫಲವಿಲ್ಲ, ವೈದ್ಯರೂ ಬಹುಕಾಲ ಹೇಳಿದ್ದು ಅದನ್ನೇ.

ಕಾರಣದ ಹುಡುಕಾಟಕ್ಕೆ ಇಂಬು ಸಿಕ್ಕಿದ್ದು 1926ರಲ್ಲಿ. ಅಮೆರಿಕದ ಫ್ರೆಡರಿಕ್ ಹಿಸಾ ಗಬ್ಬದ ಪ್ರಾಣಿಯ ರಕ್ತದ್ರವವನ್ನು ಗಿನಿ ಇಲಿಗಳಿಗೆ ಚುಚ್ಚಿದಾಗ ಅವುಗಳ ಕಟಿಯ ಸಂದು ಸಡಿಲವಾಯಿತು. ಆ ಹಾರ್ಮೋನಿಗೆ ರಿಲ್ಯಾಕ್ಸಿನ್ ಎಂಬ ಹೆಸರು ಬಂತು. ಮುಂದೆ ದಶಕಗಟ್ಟಲೆ ಎಲ್ಲ ನೋವನ್ನೂ ಅದರ ತಲೆಗೇ ಕಟ್ಟಲಾಯಿತು. ಆದರೆ ರಕ್ತದಲ್ಲಿ ರಿಲ್ಯಾಕ್ಸಿನ್ ಹೆಚ್ಚಿದ್ದವರಿಗೇ ನೋವು ಹೆಚ್ಚು ಎಂಬ ಲೆಕ್ಕ ಸರಿಯಾಗಿ ತಾಳೆಯಾಗಲೇ ಇಲ್ಲ. 2007ರಲ್ಲಿ ‘ನೇಚರ್’ ಪತ್ರಿಕೆಯ ಲೇಖನವೊಂದು ಬೇರೆ ದಿಕ್ಕು ತೋರಿತು: ಹೆಣ್ಣಿನ ಸೊಂಟದ ಬಾಗು ಮೂರು ಕಶೇರುಗಳ ಮೇಲೆ ಹರಡಿದ್ದರೆ ಗಂಡಿನದು ಎರಡರ ಮೇಲೆ. ಮುಂದಕ್ಕೆ ಜಗ್ಗುವ ಬಸುರಿನ ಭಾರವನ್ನು ತೂಗಿಸಿಕೊಳ್ಳಲು ಹೆಣ್ಣಿನ ಬೆನ್ನು ಲಕ್ಷಾಂತರ ವರ್ಷಗಳಿಂದ ಸಜ್ಜಾಗಿದೆ. ದಿನವಿಡೀ ಬಾಗಿ ಹೂ ಕೀಳುವುದಕ್ಕೆ ಸಜ್ಜಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ.

ನಿಜವಾದ ತಿರುವು ಕೊಟ್ಟದ್ದು 1990ರ ದಶಕದ ಸ್ವೀಡನ್. ಬಸುರಿನಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ಬೆನ್ನುನೋವು ಬರುತ್ತದೆಂದು ಅಲ್ಲಿನ ಸಂಶೋಧಕರು ಕಂಡರು. ಅದಕ್ಕಿಂತ ಮುಖ್ಯವಾಗಿ, ಅದು ಒಂದೇ ನೋವಲ್ಲ ಎಂದರು. ಸೊಂಟದ ಮಟ್ಟದ ಬೆನ್ನುಮೂಳೆಯದು ಒಂದು, ಕೆಳಗೆ ಪೃಷ್ಠದ ಒಳಗಿನ ಕಟಿಸಂದಿನದು ಇನ್ನೊಂದು. ಗುರುತಿಸುವ ಬಗೆ ಸರಳ. ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ತೊಡೆಯನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ಮಂಡಿಯ ಮೇಲಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಬೇಕು. ಅದೇ ಬದಿಯ ಪೃಷ್ಠದೊಳಗೆ ‘ಹ್ಞಾಂ, ಇದೇ ನೋವು’ ಅನ್ನಿಸಿದರೆ ಸಂದಿನ ನೋವು. ಇದಕ್ಕೆ ಯಂತ್ರ ಬೇಡ, ಕರೆಂಟೂ ಬೇಡ. 2008ರ ಯುರೋಪಿಯನ್ ಮಾರ್ಗಸೂಚಿ ಈ ಭೇದವನ್ನು ಒಪ್ಪಿಕೊಂಡಿತು. ಚಿಕಿತ್ಸೆಯೂ ಬದಲಾಯಿತು: ‘ಮಲಗಿಕೋ’ ಎನ್ನುತ್ತಿದ್ದವರು ‘ಆದಷ್ಟು ಓಡಾಡು’ ಎಂದರು. ವ್ಯಾಯಾಮದಿಂದ ಸೊಂಟನೋವು ತಗ್ಗಬಹುದೆಂದು 2015ರ ಕಾಕ್ರೇನ್ ಸಮೀಕ್ಷೆ ಹೇಳಿತು. ಪುರಾವೆ ಅಷ್ಟೇನೂ ಗಟ್ಟಿಯಲ್ಲ ಎಂದೂ ಸೇರಿಸಿತು.

ಇನ್ನು ಸೂಜಿಯ ಮಾತು. ಸಿಸೇರಿಯನ್ ಆದವರಲ್ಲಿ ಹತ್ತು ವರ್ಷ ಕಳೆದರೂ ‘ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಶುರುವಾಯ್ತು’ ಎನ್ನದವರು ವಿರಳ. ಈ ಶಂಕೆ ನಮ್ಮೂರಿನದಷ್ಟೇ ಅಲ್ಲ. 1990ರಲ್ಲಿ ಬರ್ಮಿಂಗ್‌ಹ್ಯಾಮ್‌ನ ದೊಡ್ಡ ಸಮೀಕ್ಷೆಯೊಂದು ಹೆರಿಗೆನೋವು ತಡೆಯಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅನ್ನೇ ಶಂಕಿಸಿತ್ತು. ಆದರೆ ಅದು ಹೆಂಗಸರ ನೆನಪನ್ನು ಕೇಳಿ ಮಾಡಿದ ಲೆಕ್ಕ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದ 2002ರ ಬ್ರಿಟಿಷ್ ಅಧ್ಯಯನದಲ್ಲಿ ದೀರ್ಘಕಾಲದ ಬೆನ್ನುನೋವಿನ ವ್ಯತ್ಯಾಸ ಕಾಣಲಿಲ್ಲ. ಬಸುರಿನಲ್ಲೇ ಇದ್ದ ನೋವು, ಸೋತ ಹೊಟ್ಟೆಯ ಸ್ನಾಯು, ಬಗ್ಗಿ ಕೂತು ಹಾಲೂಡಿಸುವುದು ಇವೇ ಹೆಚ್ಚಿನ ಸಲ ಕಾರಣ. ಸರ್ಕಾರದ ಕ್ಯಾಲ್ಸಿಯಂ ಮಾತ್ರೆಯದೂ ಇಂಥದೇ ಕತೆ. ಅದನ್ನು ಬೆನ್ನುನೋವಿನ ಮಾತ್ರೆ ಎಂದುಕೊಂಡವರು ಬಹಳ. 2014ರ ಕೇಂದ್ರ ಮಾರ್ಗಸೂಚಿ ಅದನ್ನು ದಿನಕ್ಕೆರಡು ನುಂಗಿಸುವುದು ಮುಖ್ಯವಾಗಿ ಬಸುರಿನ ಬಿ.ಪಿ. ಏರದಿರಲೆಂದು.

‘ಇದ್ದದ್ದೇ’ ಎಂದು ಬಿಡಬಾರದ ನೋವುಗಳೂ ಇವೆ. ಕಾಲು ಸೋಲುವುದು, ತೊಡೆಸಂದಿ ಮರಗಟ್ಟುವುದು, ಮೂತ್ರ ಕಟ್ಟುವುದು ಡಿಸ್ಕ್ ನರ ಒತ್ತಿರುವ ಸೂಚನೆ. ಅಪರೂಪ, ಆದರೆ ಅಂದೇ ಆಸ್ಪತ್ರೆ ಸೇರಬೇಕು. ಪಕ್ಕೆನೋವಿನ ಜತೆ ಚಳಿಜ್ವರ ಬಂದರೆ ಮೂತ್ರಪಿಂಡದ ಸೋಂಕಿರಬಹುದು. ಸಂಜೆ ಜ್ವರ, ಇಳಿಯುವ ತೂಕ, ತಿಂಗಳುಗಟ್ಟಲೆ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ.

ಇನ್ನು ಗುಂಡ್ಲುಪೇಟೆ ಸೇರಿದ, 1997ರಲ್ಲಿ ಜಿಲ್ಲೆಯಾದ ಚಾಮರಾಜನಗರಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಅದಕ್ಕೂ ಮುಂಚೆ, 1981ರಿಂದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ದುಡಿದರು. 1996ರಿಂದ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅವರದೇ ಕರುಣಾ ಟ್ರಸ್ಟ್ ನಡೆಸಿತು. ಸೋಲಿಗ ಹೆಂಗಸರು ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದುದನ್ನು ಸುದರ್ಶನ್ ಮೆಚ್ಚಿ ಹೇಳಿದ್ದುಂಟು. ಕಟಿಸಂದು ನೋಯುವವರನ್ನು ಹೆರಿಗೆಯಲ್ಲಿ ಕಾಲು ಅಗಲಿಸಿ ಅಂಗಾತ ಮಲಗಿಸದಿರುವುದೇ ಒಳಿತೆಂದು ಇಂದಿನ ಫಿಸಿಯೋಥೆರಪಿಸ್ಟರೂ ಹೇಳುತ್ತಾರೆ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಬಸುರಿಯರ ತಪಾಸಣೆಗೆ ಒಂದು ನಿಮಿಷದ ಆ ತೊಡೆ ಪರೀಕ್ಷೆಯನ್ನು ಸೇರಿಸಲು ಹಣ ಬೇಕಿಲ್ಲ. ಕಷ್ಟ ಇರುವುದು ಅದರ ನಂತರದ ಸಲಹೆಯಲ್ಲಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ 26 ವಾರಗಳ ಸಂಬಳಸಹಿತ ರಜೆ ಹೊಲದ ಕೂಲಿ ಹೆಂಗಸಿಗೆ ಸಿಗದು; ‘ಬಗ್ಗಬೇಡ’ ಎಂದರೆ ಆ ದಿನದ ಕೂಲಿ ಬಿಡು ಎಂದಂತೆ. ಅವಳನ್ನು ಕೊಯ್ಲಿನ ಸಾಲಿನಿಂದ ಹೂ ಆರಿಸುವ, ಕೂತೆದ್ದು ಮಾಡುವ ಕೆಲಸಕ್ಕೆ ಅಷ್ಟೇ ಕೂಲಿಗೆ ಹಾಕುವುದು ಹೊಲದ ಯಜಮಾನರ ಕೈಯಲ್ಲಿದೆ.