ದೇವಿಯ ಪೀಠವಾದ ಅಶೋಕನ ಶಾಸನ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಊರ ಪಕ್ಕದ ಗುಡ್ಡದ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೇ ಶತಮಾನದ ಬ್ರಾಹ್ಮೀ ಶಾಸನವಿದೆ. 1915ರಲ್ಲಿ ಅದನ್ನು ಬೆಳಕಿಗೆ ತಂದವರು ಇತಿಹಾಸಕಾರರಲ್ಲ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ‘ಅಸೋಕ’ ಎಂಬ ಹೆಸರೇ ಸಿಕ್ಕಿತು. ಬಂಡೆಯನ್ನು ಹೊತ್ತೊಯ್ಯಲು ಯಾರಿಗೂ ಸಾಧ್ಯವಿರಲಿಲ್ಲ. ಹಾಗಾಗಿ ಅದು ಇದ್ದಲ್ಲೇ ಉಳಿಯಿತು.

ಚಪ್ಪಡಿ ಕಲ್ಲಿನ ಹಣೆಬರಹ ಬೇರೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ತೀರದ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣವಿದೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಛಾವಣಿ ಕುಸಿದು ವಿಗ್ರಹ ಹಾಳಾಯಿತು. ವಿಗ್ರಹ ನಿಂತಿದ್ದ ಪೀಠವನ್ನು ನೋಡಿದರೆ, ಅದರ ಎರಡೂ ಬದಿಗಳಲ್ಲಿ ಅಶೋಕನ ಧರ್ಮಶಾಸನಗಳು! ಒಂದು ಬದಿಯಲ್ಲಿ 12 ಮತ್ತು 14ನೇ ಶಾಸನ. ಇನ್ನೊಂದು ಬದಿಯಲ್ಲಿ, ಅದುವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು.

ಗುಡಿ ಕಟ್ಟಿದ ಕಲ್ಲುಕುಟಿಗನನ್ನು ದೂರುವುದು ಸರಿಯಲ್ಲ. ಬ್ರಾಹ್ಮೀ ಲಿಪಿಯನ್ನು ಓದುವವರೇ ಆಗ ಉಳಿದಿರಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿ ತೋರಿಸಿದ್ದು 1837ರಲ್ಲಿ. ಅವನಿಗೆ ಕಂಡದ್ದು ಹದವಾಗಿ ಕಡೆದಿಟ್ಟ, ಗಟ್ಟಿಯಾದ ಒಂದು ಚಪ್ಪಡಿ. ವಿಗ್ರಹದ ಬುಡವನ್ನು ಕೂಡಿಸಲು ನಡುವೆ ಚೌಕಾಕಾರದ ಕಂಡಿ ಕೊರೆದ; ಅಕ್ಷರಗಳು ಉಳಿಯ ಪಾಲಾದವು. ಆದರೆ ಪೀಠವಾಗದಿದ್ದರೆ ಆ ಕಲ್ಲು ಒಡೆದು ಯಾವ ಗೋಡೆ ಸೇರುತ್ತಿತ್ತೋ! ವಿಶೇಷವೆಂದರೆ, 12ನೇ ಶಾಸನ ಹೇಳುವುದು ಅನ್ಯಮತಗಳನ್ನು ಹಳಿಯದೆ ಗೌರವಿಸಬೇಕೆಂದು.

ಇಂಥ ಮರುಬಳಕೆ ಒಂದು ಮತಕ್ಕೆ ಸೀಮಿತವಲ್ಲ. ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನಲ್ಲಿ 1547ರಲ್ಲಿ ಪೋರ್ಚುಗೀಸರು ಪ್ರಾರ್ಥನಾಲಯಕ್ಕೆ ಅಡಿಪಾಯ ತೋಡಿದಾಗ ಪಹ್ಲವಿ ಅಕ್ಷರಗಳಿದ್ದ ಶಿಲುಬೆಯ ಕಲ್ಲು ಸಿಕ್ಕಿತು. ಅದನ್ನು ಅವರು ಅಲ್ಲಿನ ಪೂಜಾವೇದಿಕೆಯಲ್ಲೇ ಕೂಡಿಸಿದರು. ಓದಲು ಬಾರದಿದ್ದರೂ ಶಿಲುಬೆಯ ಆಕಾರವನ್ನು ಅವರು ಗುರುತಿಸಿದ್ದರು. ಸನ್ನತಿಯ ಕಲ್ಲಿನಲ್ಲಿ ಗುರುತು ಹಿಡಿಯಲು ಅಂಥ ಆಕಾರವಿರಲಿಲ್ಲ, ಬರೀ ಅಕ್ಷರಗಳಿದ್ದವು.

ಕಂಡಿ ನುಂಗಿದ ಪದಗಳನ್ನು ವಿದ್ವಾಂಸರು ಈಗ ಧೌಲಿ, ಜೌಗಡ ಮುಂತಾದ ಕಡೆಯ ಪಾಠಗಳನ್ನು ಪಕ್ಕದಲ್ಲಿಟ್ಟುಕೊಂಡು ತುಂಬಿಸಿಕೊಳ್ಳಬೇಕಾಗಿದೆ.